ಎತ್ತಿನಗಾಡಿ ಫೋಟೋ, ಬಂಗಾರದ ಪೇಪರು, ಮತ್ತೆ ಇಸ್ರೋ ಬಗ್ಗೆ ನೀವು ಕೇಳಿದ ಉಳಿದಿದ್ದೆಲ್ಲ

ಹೋದ ಸಂಚಿಕೇಲಿ "ಮುಂದಿನ ಸಲ ಇಸ್ರೋ ಬಗ್ಗೆ ಏನ್ ಬೇಕಾದ್ರೂ ಕೇಳಿ" ಅಂತ ಒಂದು ಸಾಲು ಹಾಕಿದ್ದೆ. ಕಾಗದ, ವಾಟ್ಸಾಪು, ಈಮೇಲು ಎಲ್ಲಾ ಸೇರಿ ಒಂದು ಮೂಟೆಯೇ ಬಂದು ಬಿದ್ದಿದೆ. ಅದ್ರಲ್ಲಿ ಅರ್ಧ ಜನ ಕೇಳಿರೋದು ಒಂದೇ ಪ್ರಶ್ನೆ, ಹಾಗಾಗಿ ಅದ್ರಿಂದಾನೇ ಶುರು ಮಾಡ್ತೀನಿ.

ಸಾರ್, ಪ್ರತಿ ಆಗಸ್ಟ್ ಬಂದ್ರೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಫೋಟೋ ಬರುತ್ತೆ. ಎತ್ತಿನಗಾಡಿ ಮೇಲೆ ಸ್ಯಾಟಲೈಟು. ಲಾರಿ ಬಾಡಿಗೆಗೂ ದುಡ್ಡಿಲ್ದೆ ಹೀಗೆ ಸಾಗಿಸ್ತಿದ್ರು ಅಂತ ಕೆಳಗೆ ಬರ್ದಿರ್ತಾರೆ. ನಿಜಾನಾ? (ತಿಪಟೂರಿನ ಓದುಗರು)

ಫೋಟೋ ನಿಜ, ಕೆಳಗೆ ಬರ್ದಿರೋ ಕಥೆ ಸುಳ್ಳು. ಆ ಗಾಡಿ ಮೇಲಿರೋದು ಆಪಲ್ ಅನ್ನೋ ಸಂಪರ್ಕ ಉಪಗ್ರಹ. ಅದ್ರ ಆಂಟೆನಾ ಸರಿಯಾಗಿ ಸಿಗ್ನಲ್ ಕಳಿಸುತ್ತಾ ಇಲ್ವಾ ಅಂತ ಬಯಲಲ್ಲಿಟ್ಟು ಚೆಕ್ ಮಾಡ್ಬೇಕಿತ್ತು. ಲಾರಿ ಮೇಲಿಟ್ರೆ ಸುತ್ತಾ ಕಬ್ಬಿಣ, ಆ ಕಬ್ಬಿಣಾನೇ ಸಿಗ್ನಲ್ಲಿಗೆ ಅಡ್ಡ ಬಂದು ಲೆಕ್ಕ ಕೆಡಿಸುತ್ತೆ. ಲೋಹ ಕಮ್ಮಿ ಇರೋ, ಗಟ್ಟಿಮುಟ್ಟಾಗಿರೋ, ಎಲ್ಲಿ ಬೇಕೋ ಅಲ್ಲಿಗೆ ತಳ್ಕೊಂಡು ಹೋಗ್ಬಹುದಾದ ಒಂದು ಮರದ ಕಟ್ಟೆ ಬೇಕಿತ್ತು, ನಮ್ಮಲ್ಲಿ ಅದಕ್ಕೆ ಎತ್ತಿನಗಾಡಿಗಿಂತ ಒಳ್ಳೇದು ಏನಿದೆ ಹೇಳಿ. ಅದೇ ಆಪಲ್ 1981ರ ಜೂನ್ 19ಕ್ಕೆ ಯುರೋಪಿನ ಏರಿಯಾನ್ ರಾಕೆಟ್ಟಲ್ಲಿ ಮೇಲಕ್ಕೆ ಹೋಯ್ತು. ಮೇಲೆ ಹೋದ್ಮೇಲೆ ಅದ್ರ ಎರಡು ಸೋಲಾರ್ ರೆಕ್ಕೇಲಿ ಒಂದು ಬಿಚ್ಕೊಳ್ಳಲೇ ಇಲ್ಲ, ಇದ್ದ ಒಂದೇ ರೆಕ್ಕೇಲಿ ಎರಡು ವರ್ಷಕ್ಕೂ ಜಾಸ್ತಿ ಕೆಲಸ ತೆಗೆದ್ರು. ಈ ಭಾಗ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಇದರ ಜೊತೆ ಓಡಾಡೋ ಸೈಕಲ್ ಫೋಟೋ ಬೇರೆ. ಅದು ಅರವತ್ತರ ದಶಕದ್ದು, ಕೇರಳದ ತುಂಬಾ ಅನ್ನೋ ಊರಿನದ್ದು, ಕ್ಯಾರಿಯರ್ ಮೇಲೆ ರಾಕೆಟ್ಟಿನ ಮೂತಿ ಇಟ್ಕೊಂಡು ಹೋಗ್ತಿರೋದು, ಅಲ್ಲಿ ನಿಜವಾಗ್ಲೂ ವಾಹನದ ಕೊರತೆ ಇತ್ತು. ಬಡತನ ಇರ್ಲಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಎತ್ತಿನಗಾಡಿ ನೋಡಿದ ತಕ್ಷಣ "ಅಯ್ಯೋ ಪಾಪ" ಅನ್ನೋದು, ಅದೊಂದು ಟೆಸ್ಟು ಅನ್ನೋದನ್ನ ಮರ್ತುಬಿಡೋದು, ಇದು ನಂಗೆ ಯಾಕೋ ಸರಿ ಕಾಣಲ್ಲ.

ರಾಕೆಟ್ ಹಾರಿಸೋಕೆ ಇಡೀ ದೇಶ ಬಿಟ್ಟು ಕೇರಳದ ಒಂದು ಚರ್ಚೇ ಯಾಕೆ ಬೇಕಾಗಿತ್ತು? ಮಕ್ಕಳು ಕ್ಲಾಸಲ್ಲಿ ಕೇಳಿದ್ರು, ಉತ್ತರ ಗೊತ್ತಾಗ್ಲಿಲ್ಲ. (ಶಿರಸಿಯ ಒಬ್ಬ ಮೇಷ್ಟ್ರು)

ಮೇಷ್ಟ್ರೇ, ಚರ್ಚ್ ಬೇಕಾಗಿರ್ಲಿಲ್ಲ, ಜಾಗ ಬೇಕಾಗಿತ್ತು, ಆ ಜಾಗದಲ್ಲಿ ಚರ್ಚ್ ಇತ್ತು ಅಷ್ಟೇ. ದಿಕ್ಸೂಚಿ ಮುಳ್ಳು ಮೇಲಕ್ಕೂ ವಾಲದೆ ಕೆಳಕ್ಕೂ ವಾಲದೆ ನೆಟ್ಟಗೆ ಮಲಗೋ ಒಂದು ಗೆರೆ ಭೂಮಿ ಸುತ್ತ ಇದೆ, ಅದಕ್ಕೆ ಕಾಂತೀಯ ಸಮಭಾಜಕ ಅಂತಾರೆ. ಆ ಗೆರೆ ಮೇಲೆ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಹಗಲು ಹೊತ್ತು ವಿದ್ಯುತ್ ಪ್ರವಾಹವೊಂದು ಹೊಳೆ ಥರ ಹರೀತಿರುತ್ತೆ. ಬಲೂನು ಅಷ್ಟು ಮೇಲೆ ಹೋಗಲ್ಲ, ಉಪಗ್ರಹ ಅಷ್ಟು ಕೆಳಗೆ ನಿಲ್ಲಲ್ಲ, ಹಾಗಾಗಿ ಅದನ್ನ ಮುಟ್ಟಿ ನೋಡ್ಬೇಕು ಅಂದ್ರೆ ಸಣ್ಣ ರಾಕೆಟ್ಟೇ ಗತಿ. ತಿರುವನಂತಪುರದ ಪಕ್ಕದ ತುಂಬಾ ಆ ಗೆರೆಗೆ ಹತ್ರ ಇದೆ.

1962ರಲ್ಲಿ ಹೋಮಿ ಭಾಭಾ ಅವ್ರ ಅಣುಶಕ್ತಿ ಇಲಾಖೆ ಕೆಳಗೆ ವಿಕ್ರಮ್ ಸಾರಾಭಾಯಿ ಅಧ್ಯಕ್ಷತೇಲಿ ಬಾಹ್ಯಾಕಾಶ ಸಂಶೋಧನೆಗೆ ಒಂದು ಸಮಿತಿ ಆಯ್ತು, ಇಸ್ರೋದ ಅಜ್ಜ ಅಂದ್ಕೊಳ್ಳಿ. ತುಂಬಾದಲ್ಲಿ ಮೀನುಗಾರರ ಹಳ್ಳಿ, ಮೇರಿ ಮ್ಯಾಗ್ಡಲೀನ್ ಚರ್ಚು. ಸಾರಾಭಾಯಿ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವ್ರ ಹತ್ರ ಹೋಗಿ ಕೇಳಿದ್ರಂತೆ, ಬಿಷಪ್ ಆಗ ಏನೂ ಹೇಳ್ದೆ ಭಾನುವಾರ ಬನ್ನಿ ಅಂದ್ರಂತೆ, ಭಾನುವಾರ ಪ್ರಾರ್ಥನೆಗೆ ಬಂದ ಜನರನ್ನೇ ಕೇಳಿ ಒಪ್ಪಿಸಿದ್ರಂತೆ. ಇದು ಕಲಾಂ ಅವ್ರು ಊರೂರಲ್ಲಿ ಹೇಳ್ತಿದ್ದ ಕಥೆ. ಚರ್ಚು ಆಫೀಸಾಯ್ತು, ಬಿಷಪ್ಪರ ಮನೆಯಲ್ಲೂ ಕೆಲಸ ಶುರುವಾಯ್ತು. 1963ರ ನವೆಂಬರ್ 21ರ ಸಂಜೆ ಮೊದಲ ರಾಕೆಟ್ಟು ಹಾರ್ತು. ರಾಕೆಟ್ಟು ಅಮೆರಿಕದ್ದು, ಅದ್ರೊಳಗಿನ ಸೋಡಿಯಂ ಡಬ್ಬಿ ಫ್ರಾನ್ಸಿನದ್ದು, ಸಮುದ್ರದಂಡೆ ನಮ್ದು. ಆಕಾಶದಲ್ಲಿ ಸೋಡಿಯಂ ಆವಿ ಕಿತ್ತಳೆ ಬಣ್ಣದ ಮೋಡವಾಗಿ ಹರಡಿತು. ಆ ಚರ್ಚು ಈಗ ಬಾಹ್ಯಾಕಾಶ ಮ್ಯೂಸಿಯಂ, ಮಕ್ಕಳನ್ನ ಟೂರಿಗೆ ಕರ್ಕೊಂಡು ಹೋಗೋದಾದ್ರೆ ಪಟ್ಟಿಗೆ ಸೇರಿಸ್ಕೊಳ್ಳಿ.

ಇಸ್ರೋ ಅನ್ನೋ ಹೆಸರು ಬಂದಿದ್ದು 1969ರ ಆಗಸ್ಟ್ 15ಕ್ಕೆ. ಎರಡೇ ವರ್ಷಕ್ಕೆ, 1971ರ ಡಿಸೆಂಬರ್ 30ಕ್ಕೆ, ಸಾರಾಭಾಯಿ ತೀರಿಹೋದ್ರು. ಆಗಿನ್ನೂ ನಮ್ಮದು ಅಂತ ಒಂದೇ ಒಂದು ಉಪಗ್ರಹ ಇರ್ಲಿಲ್ಲ.

ಕೇರಳದಲ್ಲಿ ಶುರುವಾಗಿ, ಗುಜರಾತಿನವ್ರು ಕಟ್ಟಿ, ಆಂಧ್ರದಿಂದ ಹಾರಿಸೋ ಇಸ್ರೋಗೆ ಹೆಡ್ ಆಫೀಸ್ ಬೆಂಗಳೂರಲ್ಲಿ ಯಾಕೆ? ನಮ್ಮೋರು ಯಾರಾದ್ರೂ ಇದ್ರಾ? (ಮಂಡ್ಯದಿಂದ)

ಅದಕ್ಕೆ ಕಾರಣ ಸತೀಶ್ ಧವನ್ ಅನ್ನೋ ಒಬ್ಬ ಮನುಷ್ಯನ ಹಠ. ಸಾರಾಭಾಯಿ ಹೋದ್ಮೇಲೆ ಇಂದಿರಾ ಗಾಂಧಿ ಧವನ್ ಅವ್ರನ್ನ ಕರೆದ್ರು. ಅವ್ರು ಆಗ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಡೈರೆಕ್ಟರು. ಎರಡು ಷರತ್ತು ಹಾಕಿದ್ರು: ಇನ್‌ಸ್ಟಿಟ್ಯೂಟ್ ಬಿಡಲ್ಲ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಲ್ಲೇ ಇರ್ಬೇಕು. ಎರಡಕ್ಕೂ ಹ್ಞೂಂ ಅಂದ್ರು. 1972ರಿಂದ 84ರವರೆಗೆ ಅವ್ರೇ ಅಧ್ಯಕ್ಷರು.

ನಮ್ಮೋರು ಅಂದ್ರೆ, ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್. ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೀಟ್ ಹೊದಿಸಿದ ಒಂದಷ್ಟು ಶೆಡ್ಡು, ಅಕ್ಕಪಕ್ಕ ಲೇತ್ ಮಷೀನ್ ಸದ್ದು, ಅದ್ರೊಳಗೆ ಇದಕ್ಕೆ ಮುಂಚೆ ಒಂದು ಉಪಗ್ರಹವನ್ನೂ ಕಣ್ಣಲ್ಲಿ ನೋಡಿರದ ಹುಡುಗರನ್ನ ಗುಡ್ಡೆ ಹಾಕ್ಕೊಂಡು ಸುಮಾರು ಎರಡೂವರೆ ವರ್ಷದಲ್ಲಿ 360 ಕಿಲೋ ತೂಕದ ಆರ್ಯಭಟ ಕಟ್ಟಿ ನಿಲ್ಲಿಸಿದ್ರು. 1975ರ ಏಪ್ರಿಲ್ 19, ಸೋವಿಯತ್ ರಾಕೆಟ್ಟಲ್ಲಿ ಹಾರ್ತು. ಬೆಂಗಳೂರಲ್ಲಿ ಸಿಗ್ನಲ್ ಹಿಡಿಯೋ ಸ್ಟೇಷನ್ನಿಗೆ ಜಾಗ ಸಾಲದೆ ಒಂದು ಟಾಯ್ಲೆಟ್ಟನ್ನೇ ಡೇಟಾ ಕೇಂದ್ರ ಮಾಡ್ಕೊಂಡಿದ್ರು, ಇದು ಮಾತ್ರ ಫಾರ್ವರ್ಡ್ ಕಥೆ ಅಲ್ಲ, ನಿಜ. ನಾಲ್ಕೈದು ದಿನಕ್ಕೆ ಒಳಗಿನ ಪವರ್ ಸಪ್ಲೈ ಕೈಕೊಟ್ಟು ವಿಜ್ಞಾನದ ಪ್ರಯೋಗಗಳು ನಿಂತುಹೋದ್ವು. ಆದ್ರೂ ಕಟ್ಟೋದು ಹೇಗೆ ಅಂತ ಕಲಿತಾಗಿತ್ತಲ್ಲ.

ಹಳೇ ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟದ ಚಿತ್ರ ಇತ್ತು, ನಿಮಗೆ ನೆನಪಿದ್ಯಾ? ನಾನು ಚಿಕ್ಕವನಿದ್ದಾಗ ಅದನ್ನ ಯಾವ್ದೋ ವಜ್ರದ ಹರಳು ಅಂದ್ಕೊಂಡಿದ್ದೆ. ಇಪ್ಪತ್ತಾರು ಮುಖದ ಆ ಡಬ್ಬ ಪೀಣ್ಯದಲ್ಲಿ ಹುಟ್ಟಿದ್ದು ಅಂತ ಗೊತ್ತಾಗೋ ಹೊತ್ತಿಗೆ ನೋಟೇ ಸಿಗ್ತಿರ್ಲಿಲ್ಲ.

ಆಮೇಲೆ ರಾವ್ ಅವ್ರೇ 1984ರಿಂದ 94ರವರೆಗೆ ಇಸ್ರೋ ಅಧ್ಯಕ್ಷರಾದ್ರು, 2015ರಿಂದ ಮೂರು ವರ್ಷ ಹಾಸನ ಜಿಲ್ಲೆಯ ಕಿರಣ್ ಕುಮಾರ್. ಸಂಪರ್ಕ ಉಪಗ್ರಹಗಳ ಲಗಾಮು ಇರೋದು ಹಾಸನದಲ್ಲಿ, ದೂರದ ನೌಕೆಗಳ ಜೊತೆ ಮಾತಾಡೋ 32 ಮೀಟರಿನ ದೊಡ್ಡ ತಟ್ಟೆ ಇರೋದು ಬೆಂಗಳೂರು ಹೊರಗಿನ ಬ್ಯಾಲಾಳಿನಲ್ಲಿ. ಚಳ್ಳಕೆರೆ ಕಥೆ ಮುಂದೆ ಬರುತ್ತೆ, ಇರಿ.

ಇಸ್ರೋ ಸಕ್ಸಸ್ ಬಗ್ಗೆ ಎಲ್ಲಾರೂ ಬರೀತಾರೆ. ಸೋತಿದ್ದೆಷ್ಟು ಅಂತ ಸ್ವಲ್ಪ ಹೇಳ್ತೀರಾ? ಮುಚ್ಚಿಡ್ತಾರಾ? (ಹುಬ್ಬಳ್ಳಿಯ ಇಂಜಿನಿಯರಿಂಗ್ ಹುಡುಗ)

ಮುಚ್ಚಿಡೋಕೆ ಹೆಂಗಾಗುತ್ತೆ ಮಾರಾಯ, ಟಿವೀಲಿ ಲೈವ್ ಬರುತ್ತಲ್ಲ. ಈ ಪ್ರಶ್ನೆ ನಂಗೆ ಇಷ್ಟ ಆಯ್ತು, ಸ್ವಲ್ಪ ಉದ್ದ ಬರೀತೀನಿ.

ನಮ್ಮ ಮೊದಲ ಸ್ವಂತ ರಾಕೆಟ್ಟು ಎಸ್‌ಎಲ್‌ವಿ-3, ಪ್ರಾಜೆಕ್ಟ್ ಡೈರೆಕ್ಟರು ಅಬ್ದುಲ್ ಕಲಾಂ. 1979ರ ಆಗಸ್ಟ್ 10ಕ್ಕೆ ಹಾರಿಸಿದ್ರು, ಎರಡನೇ ಹಂತದ ಕಂಟ್ರೋಲ್ ವ್ಯವಸ್ಥೇಲಿ ವಾಲ್ವ್ ಒಂದು ಕೆಟ್ಟು ಆಸಿಡ್ ಸೋರಿ, ಐದು ನಿಮಿಷದ ಆಸುಪಾಸಲ್ಲಿ ಎಲ್ಲಾ ಬಂಗಾಳ ಕೊಲ್ಲಿ ಪಾಲು. ಆವತ್ತು ಪತ್ರಕರ್ತರ ಮುಂದೆ ಹೋಗಿ ಕೂತಿದ್ದು ಧವನ್, ಬೈಗುಳ ಎಲ್ಲಾ ತಾವೇ ತಿಂದ್ರು. ಮುಂದಿನ ವರ್ಷ ಜುಲೈ 18ಕ್ಕೆ ಅದೇ ರಾಕೆಟ್ಟು 35 ಕಿಲೋದ ರೋಹಿಣಿ ಉಪಗ್ರಹವನ್ನ ಕಕ್ಷೆಗೆ ಬಿಡ್ತು, ಆಗ ಧವನ್ ಕಲಾಂ ಅವ್ರನ್ನ "ನೀನು ಹೋಗಿ ಮಾತಾಡು" ಅಂತ ಮುಂದೆ ಕಳಿಸಿದ್ರು. ಕಲಾಂ ಇದನ್ನ ಸಾಯೋವರೆಗೂ ಹೇಳ್ತಿದ್ರು. ನಾನು ಕೆಲಸ ಮಾಡಿದ ಒಂದು ಕಡೆ ಇದು ಪೂರ್ತಿ ಉಲ್ಟಾ ಇತ್ತು, ಅದು ಬೇಡ ಬಿಡಿ.

ಮುಂದಿನ ರಾಕೆಟ್ಟು ಎಎಸ್‌ಎಲ್‌ವಿ. 1987ರಲ್ಲಿ ಬಿತ್ತು, 88ರಲ್ಲಿ ಮತ್ತೆ ಬಿತ್ತು. ಈವತ್ತು ನಾವು ಕುದುರೆ ಕುದುರೆ ಅಂತ ಹೊಗಳೋ ಪಿಎಸ್‌ಎಲ್‌ವಿ ಇದ್ಯಲ್ಲ, ಅದ್ರ ಮೊದಲ ಹಾರಾಟ 1993ರ ಸೆಪ್ಟೆಂಬರಲ್ಲಿ, ಅದೂ ಬಿತ್ತು, ಎಂಜಿನ್ ಎಲ್ಲಾ ಸರಿ ಇದ್ದು ಸಾಫ್ಟ್‌ವೇರಲ್ಲಿ ಕೂತಿದ್ದ ತಪ್ಪೊಂದು ಕೆಡಿಸ್ತು. ಮಾರನೇ ವರ್ಷ ಗೆದ್ದ ಮೇಲೆ ಅದು ಹೊತ್ಕೊಂಡು ಹೋಗದಿರೋ ಸಾಮಾನಿಲ್ಲ: ಚಂದ್ರಯಾನ-1, ಮಂಗಳಯಾನ, 2017ರ ಫೆಬ್ರವರಿ 15ಕ್ಕೆ ಒಂದೇ ಸಲಕ್ಕೆ 104 ಉಪಗ್ರಹ.

ಈಗ ಚಂದ್ರಯಾನ-2. 2019ರ ಸೆಪ್ಟೆಂಬರ್ 7ರ ನಡುರಾತ್ರಿ ನೀವೂ ಟಿವಿ ಮುಂದೆ ಕೂತಿದ್ರಿ ಅಲ್ವಾ, ಸ್ಕ್ರೀನಲ್ಲಿ ಹಸಿರು ಗೆರೆ ಬರ್ತಾ ಬರ್ತಾ ದಾರಿ ಬಿಟ್ಟಿದ್ದು ನೆನಪಿರ್ಬೇಕು. ಆಗಿದ್ದಿಷ್ಟು: ಐದು ಎಂಜಿನ್ನು ಅಂದ್ಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ನೂಕಿದ್ವು, ಆ ಚೂರು ಚೂರು ತಪ್ಪು ಸೇರ್ಕೊಂಡು ಸೇರ್ಕೊಂಡು ದೊಡ್ಡದಾಯ್ತು, ಅದನ್ನ ಸರಿ ಮಾಡೋಕೆ ನೌಕೆ ಜೋರಾಗಿ ತಿರುಗ್ಬೇಕಿತ್ತು, ಆದ್ರೆ ಇಷ್ಟಕ್ಕಿಂತ ಜೋರಾಗಿ ತಿರುಗ್ಬೇಡ ಅಂತ ಸಾಫ್ಟ್‌ವೇರೇ ಕೈ ಕಟ್ಟಿತ್ತು, ಸಾಲದ್ದಕ್ಕೆ ಇಳಿಯೋಕೆ ಕೊಟ್ಟಿದ್ದ ಜಾಗ ಬರೀ 500 ಮೀಟರ್ ಉದ್ದ 500 ಮೀಟರ್ ಅಗಲ. ಒಂದ್ಕಡೆ ವೇಗ ತಗ್ಗಿಸ್ಬೇಕು, ಇನ್ನೊಂದ್ಕಡೆ ಜಾಗ ಹುಡುಕ್ಬೇಕು, ಅದ್ರಲ್ಲೇ ನೆಲ ಬಂದುಬಿಡ್ತು.

ಮೂರನೇದಕ್ಕೆ ಇದನ್ನೆಲ್ಲ ಒಂದೊಂದಾಗಿ ಬಿಚ್ಚಿ ಕೂತ್ರು. ನಡುವಿನ ಎಂಜಿನ್ ತೆಗೆದು ನಾಲ್ಕು ಮಾಡಿದ್ರು. ಇಳಿಯೋ ಜಾಗ 4 ಕಿಲೋಮೀಟರ್ ಉದ್ದ ಎರಡೂವರೆ ಕಿಲೋಮೀಟರ್ ಹತ್ರ ಅಗಲ ಆಯ್ತು. ಕಾಲು ಗಟ್ಟಿ, ಇಂಧನ ಜಾಸ್ತಿ, ವೇಗ ನೇರವಾಗಿ ಅಳೆಯೋ ಲೇಸರ್ ಉಪಕರಣ ಹೊಸದು. ಏನೇನು ಸರಿಹೋಗುತ್ತೆ ಅಂತಲ್ಲ, ಏನೇನು ಕೆಡಬಹುದು ಅಂತ ಪಟ್ಟಿ ಮಾಡಿ ಡಿಸೈನ್ ಮಾಡಿದ್ವಿ ಅಂತ ಆಗಿನ ಅಧ್ಯಕ್ಷ ಸೋಮನಾಥ್ ಹೇಳಿದ್ರು. ಟೆಸ್ಟಿಗೆ ನಮ್ಮ ಚಳ್ಳಕೆರೆ. ಅಲ್ಲಿ ಉಳ್ಳಾರ್ತಿ ಕಾವಲಲ್ಲಿ ಚಂದ್ರನ ಮೇಲಿರೋ ಥರ ಗುಂಡಿ ತೋಡಿ, ಮೇಲಿಂದ ವಿಮಾನ, ಹೆಲಿಕಾಪ್ಟರಲ್ಲಿ ಸೆನ್ಸರ್ ಹಾರಿಸಿ, ಗುಂಡಿ ಯಾವ್ದು ಸಮತಟ್ಟು ಯಾವ್ದು ಅಂತ ಕಣ್ಣು ಪಳಗಿಸಿದ್ರು. ಕಡಲೇಕಾಯಿ ಬೆಳೆಯೋ ಸೀಮೇಲಿ ಚಂದ್ರ! ಬೆಂಗಳೂರಿನ ಲ್ಯಾಬಿಗೆ ಬೇಕಾದ ಚಂದ್ರನ ಮಣ್ಣಿಗೆ ತಮಿಳುನಾಡಿನ ಸಿತ್ತಂಪೂಂಡಿಯ ಬಂಡೆ ತಂದು ಪುಡಿ ಮಾಡಿಸಿದ್ರು, ಆ ಕಲ್ಲಿನ ಗುಣ ಚಂದ್ರನ ಬೆಟ್ಟದ ಕಲ್ಲಿಗೆ ಹೊಂದುತ್ತೆ.

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಇಳಿದಿದ್ದು ಚಂದ್ರನಲ್ಲಿ, ಚಪ್ಪಾಳೆ ಹೊಡೆದಿದ್ದು ಪೀಣ್ಯದಲ್ಲಿ, ಆರ್ಯಭಟದ ಶೆಡ್ಡುಗಳಿದ್ದ ಅದೇ ಪೀಣ್ಯ. ಚಂದ್ರನ ಮೇಲೆ ಮೆತ್ತಗೆ ಇಳಿದ ನಾಲ್ಕನೇ ದೇಶ ನಾವು, ದಕ್ಷಿಣ ಧ್ರುವದ ಅಷ್ಟು ಹತ್ರ ಇಳಿದವ್ರಲ್ಲಿ ಮೊದಲು. "ಧ್ರುವದ ಮೇಲೇ ಇಳಿದ್ವಿ" ಅನ್ನೋದು ಮಾತ್ರ ಸರಿಯಲ್ಲ, ಜಾಗ ಸುಮಾರು 69 ಡಿಗ್ರಿ ದಕ್ಷಿಣ, ಧ್ರುವ ಇನ್ನೂ ನೂರಾರು ಕಿಲೋಮೀಟರ್ ಆಚೆ. ಇಳಿದು ಹನ್ನೊಂದು ದಿನಕ್ಕೆ ಎಂಜಿನ್ ಮತ್ತೆ ಉರಿಸಿ, ಇಳಿದಿದ್ದ ನೌಕೆ ವಿಕ್ರಮ್‌ನನ್ನ ಒಂದು ಮೊಳದಷ್ಟು ಮೇಲೆ ಹಾರಿಸಿ ಪಕ್ಕಕ್ಕೆ ಕೂರಿಸಿದ್ರಲ್ಲ, ನಂಗೆ ಲ್ಯಾಂಡಿಂಗಿಗಿಂತ ಅದೇ ಜಾಸ್ತಿ ಖುಷಿ ಕೊಟ್ಟಿದ್ದು. ಮುಂದೊಂದು ದಿನ ಅಲ್ಲಿಂದ ಕಲ್ಲುಮಣ್ಣು ತರ್ಬೇಕಾದ್ರೆ ಮೇಲಕ್ಕೆ ಏಳೋದನ್ನೂ ಕಲೀಬೇಕಲ್ವಾ.

ಕ್ರಯೋಜೆನಿಕ್ ಎಂಜಿನ್ ಅಂದ್ರೇನು, ಅದಕ್ಕೆ ಇಪ್ಪತ್ತು ವರ್ಷ ಯಾಕೆ ಬೇಕಾಯ್ತು? (ಅದೇ ಹುಡುಗ, ಎರಡನೇ ಪ್ರಶ್ನೆ)

ಹೈಡ್ರೋಜನ್ನು, ಆಕ್ಸಿಜನ್ನು ಎರಡನ್ನೂ ದ್ರವ ಮಾಡಿ ಉರಿಸೋ ಎಂಜಿನ್ನು. ಒಂದು ಮೈನಸ್ 253 ಡಿಗ್ರಿ, ಇನ್ನೊಂದು ಮೈನಸ್ 183. ಇಂಥ ಚಳಿಯ ಟ್ಯಾಂಕಿನ ಪಕ್ಕದಲ್ಲೇ ಸಾವಿರಾರು ಡಿಗ್ರಿ ಬೆಂಕಿ. ಕಬ್ಬಿಣ ಬಿರುಕು ಬಿಡುತ್ತೆ, ಸೀಲು ಕುಗ್ಗುತ್ತೆ, ಹೈಡ್ರೋಜನ್ ಎಲ್ಲಿ ಸಂದು ಸಿಕ್ರೂ ಸೋರುತ್ತೆ. ಆದ್ರೆ ಕಿಲೋಗೆ ಕಿಲೋ ಇದ್ರಷ್ಟು ನೂಕುವ ಇಂಧನ ಬೇರೆ ಇಲ್ಲ, ಭಾರದ ಉಪಗ್ರಹಕ್ಕೆ ಇದೇ ಬೇಕು.

1991ರಲ್ಲಿ ಎಂಜಿನ್ನೂ ಕೊಡ್ತೀವಿ ತಂತ್ರಜ್ಞಾನವನ್ನೂ ಕೊಡ್ತೀವಿ ಅಂತ ಸೋವಿಯತ್ತಿನ ಗ್ಲಾವ್‌ಕಾಸ್ಮೋಸ್ ಒಪ್ಪಂದ ಮಾಡ್ಕೊಳ್ತು. ಅದನ್ನ ಕ್ಷಿಪಣಿಗೆ ಬಳಸ್ತಾರೆ ಅಂತ ಅಮೆರಿಕ ತಕರಾರು ತೆಗೆದು 92ರಲ್ಲಿ ಇಬ್ಬರ ಮೇಲೂ ನಿರ್ಬಂಧ ಹಾಕ್ತು. ಹೈಡ್ರೋಜನ್ ಟ್ಯಾಂಕಿನ ಕ್ಷಿಪಣೀನ ಯುದ್ಧಕ್ಕೆ ರೆಡಿ ಮಾಡಿ ಇಟ್ಕೊಂಡು ಕೂರೋಕೆ ಆಗಲ್ಲ ಅನ್ನೋದು ಅವ್ರಿಗೂ ಗೊತ್ತಿತ್ತು, ಇರ್ಲಿ. ಕೊನೆಗೆ ರಷ್ಯಾ ಏಳು ರೆಡಿಮೇಡ್ ಎಂಜಿನ್ ಕೊಡ್ತು, ಮಾಡೋದು ಹೇಗೆ ಅಂತ ಹೇಳ್ಕೊಡ್ಲಿಲ್ಲ. ಇದ್ರ ಮಧ್ಯೆ 1994ರಲ್ಲಿ ಕ್ರಯೋಜೆನಿಕ್ ಕೆಲಸದಲ್ಲಿದ್ದ ನಂಬಿ ನಾರಾಯಣನ್ ಅವ್ರನ್ನ ಗೂಢಚಾರ ಅಂತ ಅರೆಸ್ಟ್ ಮಾಡಿದ್ರು. 96ರಲ್ಲೇ ಸಿಬಿಐ ಇದು ಸುಳ್ಳು ಕೇಸು ಅಂತು, ಸುಪ್ರೀಂ ಕೋರ್ಟು 50 ಲಕ್ಷ ಪರಿಹಾರ ಕೊಡಿ ಅಂದಿದ್ದು 2018ಕ್ಕೆ. ಆ ನಡುವಿನ ವರ್ಷಗಳನ್ನ ಯಾರು ವಾಪಸ್ ಕೊಡ್ತಾರೆ.

ನಮ್ಮದೇ ಎಂಜಿನ್ 2010ರ ಏಪ್ರಿಲ್‌ನಲ್ಲಿ ಹಾರಿ ಸೋಲ್ತು. 2014ರ ಜನವರಿ 5ಕ್ಕೆ ಗೆಲ್ತು.

ರಸ್ತೆ ಗುಂಡಿ ಮುಚ್ಚೋಕೆ ದುಡ್ಡಿಲ್ಲ, ಚಂದ್ರನ ಗುಂಡಿ ನೋಡೋಕೆ ದುಡ್ಡಿದೆ. ಸರೀನಾ ಇದು? (ಬೆಂಗಳೂರಿನ ಹಿರಿಯರೊಬ್ಬರು)

ಯಜಮಾನ್ರೇ, ನಿಮ್ಮ ಸಿಟ್ಟು ನ್ಯಾಯವೇ, ಆದ್ರೆ ವಿಳಾಸ ತಪ್ಪಾಗಿದೆ. ಬಾಹ್ಯಾಕಾಶ ಇಲಾಖೆಗೆ ಕೇಂದ್ರ ಬಜೆಟ್ಟಲ್ಲಿ ವರ್ಷಕ್ಕೆ ಸುಮಾರು 13 ಸಾವಿರ ಕೋಟಿ ಸಿಗುತ್ತೆ, ಒಟ್ಟು ಬಜೆಟ್ಟು 50 ಲಕ್ಷ ಕೋಟಿ ಮೇಲೆ. ಅಂದ್ರೆ ಸರ್ಕಾರ ನೂರು ರೂಪಾಯಿ ಖರ್ಚು ಮಾಡಿದ್ರೆ ಅದ್ರಲ್ಲಿ ಇಸ್ರೋಗೆ ಹೋಗೋದು ನಾಲ್ಕಾಣೆ. ಆ ನಾಲ್ಕಾಣೆ ಉಳಿಸಿದ್ರೆ ನಿಮ್ಮ ಬೀದಿ ಗುಂಡಿ ಮುಚ್ಚುತ್ತೆ ಅನ್ನೋ ಭರವಸೆ ನಂಗಂತೂ ಇಲ್ಲ.

ಆ ನಾಲ್ಕಾಣೆಗೆ ಏನ್ ಬಂತು ನೋಡಿ. 1999ರ ಒಡಿಶಾ ಚಂಡಮಾರುತದಲ್ಲಿ ಹತ್ತು ಸಾವಿರದ ಹತ್ರ ಜನ ಸತ್ರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನ ಮೊದಲೇ ಎತ್ತಿ ಶಾಲೆ, ಶೆಲ್ಟರು ಸೇರಿಸಿದ್ರು, ಸತ್ತವರ ಲೆಕ್ಕ ನೂರು ದಾಟ್ಲಿಲ್ಲ. ಉಪಗ್ರಹ ಒಂದೇ ಕಾರಣ ಅಂತಲ್ಲ, ಅಲ್ಲಿನ ಸರ್ಕಾರ ಓಡಾಡಿದ್ದೂ ಇದೆ, ಆದ್ರೆ ಯಾವ ದಿನ ಯಾವ ಕಡೆ ಬರುತ್ತೆ ಅಂತ ಗೊತ್ತಿಲ್ದೆ ಯಾರನ್ನ ಎಲ್ಲಿಂದ ಎತ್ತೋದು? ಕರಾವಳಿಯ ಮೀನುಗಾರರಿಗೆ ಈವತ್ತು ಎಲ್ಲಿ ಮೀನು ಸಿಗ್ಬಹುದು ಅಂತ ಮಾಹಿತಿ ಹೋಗುತ್ತಲ್ಲ, ಅದೂ ಸಮುದ್ರದ ನೀರಿನ ಬಣ್ಣ, ಬಿಸಿ ಎಲ್ಲಾ ಮೇಲಿಂದ ನೋಡಿ ಹೇಳೋದು. 1975-76ರಲ್ಲಿ ಅಮೆರಿಕದ ಉಪಗ್ರಹವೊಂದನ್ನ ಒಂದು ವರ್ಷದ ಮಟ್ಟಿಗೆ ಎರವಲು ತಂದು ಆರು ರಾಜ್ಯದ ಸುಮಾರು 2400 ಹಳ್ಳಿಗೆ ಟಿವಿ ಪಾಠ ತೋರಿಸಿದ್ರು, ಅದ್ರಲ್ಲಿ ನಮ್ಮ ಕಲಬುರಗಿ ಕಡೆಯ ಹಳ್ಳಿಗಳೂ ಇದ್ವು. ಕರೆಂಟೇ ಸರಿಯಾಗಿ ಬರದ ಊರಿಗೆ ಆಕಾಶದಿಂದ ಟಿವಿ.

ಇನ್ನು ನಮ್ಮ ಕಡೆಯವ್ರ ಒಂದು ಚಟದ ಬಗ್ಗೆ. ಮಂಗಳಯಾನಕ್ಕೆ 450 ಕೋಟಿ, ಕಿಲೋಮೀಟರಿಗೆ ಆಟೋ ಚಾರ್ಜಿಗಿಂತ ಕಮ್ಮಿ ಅಂತ ಎಲ್ಲಾರೂ ಎದೆ ತಟ್ಕೊಳ್ತಾರೆ. ಕಮ್ಮಿ ದುಡ್ಡು ಅನ್ನೋದು ಅರ್ಧ ಹೊಗಳಿಕೆ. ಅದ್ರಲ್ಲಿದ್ದ ಐದು ಉಪಕರಣ ಸೇರಿ ತೂಕ ಸುಮಾರು 15 ಕಿಲೋ, ಒಂದು ಅಕ್ಕಿ ಚೀಲದಷ್ಟೂ ಇಲ್ಲ, ಅದೇ ಹೊತ್ತಿಗೆ ಹೋದ ಅಮೆರಿಕದ ನೌಕೇಲಿ ಅದ್ರ ನಾಲ್ಕು ಪಟ್ಟಿತ್ತು. ಹೊಗಳಬೇಕಾದ್ದು ಬೇರೆ ಇದೆ. 2013ರ ನವೆಂಬರ್ 5ಕ್ಕೆ ಹೊರಟು, ಭೂಮಿ ಬಿಟ್ಟ ಮೇಲೆ ಅದ್ರ ಮುಖ್ಯ ಎಂಜಿನ್ನು ಹತ್ರಹತ್ರ ಹತ್ತು ತಿಂಗಳು ಚಳೀಲಿ ನಿದ್ದೆ ಮಾಡಿತ್ತು. ಮಂಗಳದ ಹತ್ರ ಹೋದಾಗ ಏಳುತ್ತಾ? ಸೆಪ್ಟೆಂಬರ್ 22ಕ್ಕೆ ಬರೀ ನಾಲ್ಕು ಸೆಕೆಂಡ್ ಉರಿಸಿ ನೋಡಿದ್ರು. ಎದ್ದಿತು. 24ರ ಬೆಳಗ್ಗೆ ಪೂರ್ತಿ ಉರಿಸ್ಬೇಕಾದಾಗ ನೌಕೆ ಮಂಗಳದ ಹಿಂದೆ ಮರೆಯಾಗಿತ್ತು, ಸಿಗ್ನಲ್ ಬರೋಕೆ ಹನ್ನೆರಡು ನಿಮಿಷ ಬೇರೆ, ಅಲ್ಲಿ ಏನಾಗ್ತಿದೆ ಅಂತ ಬೆಂಗಳೂರಲ್ಲಿ ಕೂತವ್ರಿಗೆ ಗೊತ್ತಾಗ್ತಿರ್ಲಿಲ್ಲ, ಏನೇ ಮಾಡೋದಿದ್ರೂ ನೌಕೇನೇ ಮಾಡ್ಕೊಳ್ಬೇಕು. ಮಾಡ್ಕೊಳ್ತು. ಮೊದಲ ಪ್ರಯತ್ನದಲ್ಲೇ ಮಂಗಳ ಮುಟ್ಟಿದ ಮೊದಲ ದೇಶ ನಾವಾದ್ವಿ. ಆರು ತಿಂಗಳಿಗೆ ಅಂತ ಕಳಿಸಿದ್ದು ಸುಮಾರು ಎಂಟು ವರ್ಷ ಬಾಳ್ತು.

ಉಪಗ್ರಹಕ್ಕೆ ಬಂಗಾರದ ಪೇಪರ್ ಯಾಕೆ ಸುತ್ತುತಾರೆ? (ಐದನೇ ಕ್ಲಾಸು, ಸಾಗರ)

ಬಂಗಾರ ಅಲ್ಲ ಪುಟ್ಟಾ. ಅದು ಹಳದಿ ಬಣ್ಣದ ಒಂಥರಾ ಪ್ಲಾಸ್ಟಿಕ್ ಹಾಳೆ, ಹಿಂದೆ ತೆಳ್ಳಗೆ ಅಲ್ಯೂಮಿನಿಯಂ ಬಳ್ದಿರ್ತಾರೆ, ಮುಂದಿನಿಂದ ನೋಡಿದ್ರೆ ಬಂಗಾರದ ಥರ ಮಿಂಚುತ್ತೆ. ಬಾಹ್ಯಾಕಾಶದಲ್ಲಿ ಬಿಸಿಲು ಬಿದ್ದ ಕಡೆ ಸುಡುತ್ತೆ, ನೆರಳಿನ ಕಡೆ ಕೊರೆಯುತ್ತೆ, ಅದಕ್ಕೆ ಇಂಥ ಹಾಳೇನ ಹತ್ತಾರು ಪದರ ಮಾಡಿ ಕಂಬಳಿ ಥರ ಹೊದಿಸ್ತಾರೆ.

ವಿಜ್ಞಾನಿಗಳು ಉಡಾವಣೆ ಮುಂಚೆ ತಿರುಪತಿಗೆ ಯಾಕೆ ಹೋಗ್ತಾರೆ? (ಹೆಸರು ಬೇಡ ಅಂದಿದ್ದಾರೆ)

ಶ್ರೀಹರಿಕೋಟಾಗೆ ಹೋಗೋ ದಾರೀಲಿ ತಿರುಪತಿ ಹತ್ರ ಆಗುತ್ತೆ ಅದಕ್ಕೆ! ತಮಾಷೆ ಬಿಡಿ, ಅಧ್ಯಕ್ಷರು ರಾಕೆಟ್ಟಿನ ಪುಟಾಣಿ ಮಾಡೆಲ್ ಇಟ್ಕೊಂಡು ತಿಮ್ಮಪ್ಪನ ಹತ್ರ ಹೋಗೋದು ನಿಜ. ಪಿಎಸ್‌ಎಲ್‌ವಿ ಲೆಕ್ಕದಲ್ಲಿ ಸಿ-12 ಆದ್ಮೇಲೆ ನೇರ ಸಿ-14 ಬಂದಿದ್ದೂ ನಿಜ, ಹದಿಮೂರು ಅಂದ್ರೆ ಕೆಲವ್ರಿಗೆ ಅಪಶಕುನ ನೋಡಿ, ಸಿ-13 ಅಂತ ರಾಕೆಟ್ಟೇ ಇಲ್ಲ. ವಾಲ್ವು ಹತ್ತು ಸಲ ಟೆಸ್ಟ್ ಮಾಡಿ ಆಮೇಲೆ ದೇವಸ್ಥಾನಕ್ಕೆ ಹೋದ್ರೆ ನಂದೇನೂ ತಕರಾರಿಲ್ಲ, ಟೆಸ್ಟ್ ಬಿಟ್ಟು ಹೋದ್ರೆ ಕೇಳೋಣ.

ನಾನು ಸೆಕೆಂಡ್ ಪಿಯುಸಿ ಸೈನ್ಸ್. ಇಸ್ರೋ ಸೇರ್ಬೇಕು. ಅಪ್ಪ ಅಮ್ಮಂಗೆ ಏನೂ ಗೊತ್ತಿಲ್ಲ, ನೀವೇ ಹೇಳಿ ಸರ್. (ದಾವಣಗೆರೆಯ ಹುಡುಗಿ)

ತಾಯಿ, ದಾರಿ ಒಂದಲ್ಲ. ತಿರುವನಂತಪುರದಲ್ಲಿ ಬಾಹ್ಯಾಕಾಶ ಇಲಾಖೆದೇ ಒಂದು ಕಾಲೇಜಿದೆ, 2007ರಲ್ಲಿ ಶುರುವಾಗಿದ್ದು, ಅಲ್ಲಿ ಬಿ.ಟೆಕ್‌ಗೆ ಜೆಇಇ ಅಡ್ವಾನ್ಸ್‌ಡ್ ಬರೀಬೇಕು. ಅದು ಆಗ್ಲಿಲ್ಲ ಅಂತ ತಲೆ ಮೇಲೆ ಕೈ ಇಟ್ಕೊಂಡು ಕೂರ್ಬೇಡ. ಯಾವುದೇ ಒಳ್ಳೆ ಕಾಲೇಜಲ್ಲಿ ಮೆಕ್ಯಾನಿಕಲ್ಲೋ ಎಲೆಕ್ಟ್ರಾನಿಕ್ಸೋ ಕಂಪ್ಯೂಟರ್ ಸೈನ್ಸೋ ಓದಿ ಒಳ್ಳೆ ಮಾರ್ಕ್ಸಲ್ಲಿ ಪಾಸಾದ್ರೆ ಇಸ್ರೋ ಕರೆಯೋ ಸೈಂಟಿಸ್ಟ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕ್ಬಹುದು, ಅಧಿಕೃತ ವೆಬ್‌ಸೈಟಲ್ಲಿ ನೋಟಿಫಿಕೇಶನ್ ಬರುತ್ತೆ, ಅದನ್ನ ಮಾತ್ರ ನಂಬು, ದುಡ್ಡು ಕೊಟ್ರೆ ಸೀಟು ಅನ್ನೋರನ್ನ ಬಾಗಿಲ ಹತ್ರಾನೂ ಸೇರಿಸ್ಬೇಡ. ಫಿಸಿಕ್ಸು, ಮ್ಯಾಥ್ಸು ಓದಿ ಸಂಶೋಧನೆ ಕಡೆಯಿಂದಾನೂ ಹೋಗ್ಬಹುದು. ಡಿಪ್ಲೊಮಾ, ಐಟಿಐ ಮಾಡಿದವ್ರಿಗೂ ಅಲ್ಲಿ ಕೆಲಸ ಇದೆ, ರಾಕೆಟ್ಟಿಗೆ ವೆಲ್ಡಿಂಗ್ ಮಾಡೋರೂ ಬೇಕಲ್ಲ. ಮನೇಲಿ ತಮ್ಮನೋ ತಂಗಿಯೋ ಒಂಬತ್ತನೇ ಕ್ಲಾಸಲ್ಲಿದ್ರೆ ಯುವಿಕಾ ಅಂತ ಇಸ್ರೋದೇ ಒಂದು ಶಿಬಿರ ಇದೆ, ಅದಕ್ಕೆ ಅರ್ಜಿ ಹಾಕ್ಸು.

ಅಪ್ಪ ಅಮ್ಮಂಗೆ ಈ ಹೆಸರುಗಳನ್ನೂ ಹೇಳು: ಚಂದ್ರಯಾನ-3ರ ಸಹಾಯಕ ಪ್ರಾಜೆಕ್ಟ್ ಡೈರೆಕ್ಟರು ಕಲ್ಪನಾ, ಸೂರ್ಯನನ್ನ ನೋಡೋಕೆ ಹೋದ ಆದಿತ್ಯ-ಎಲ್1ರ ಪ್ರಾಜೆಕ್ಟ್ ಡೈರೆಕ್ಟರು ನಿಗಾರ್ ಶಾಜಿ. ಆದಿತ್ಯ ಈಗ ನಮ್ಮಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ, ಅದ್ರ ದೊಡ್ಡ ಉಪಕರಣ ತಯಾರಾಗಿದ್ದು ಹೊಸಕೋಟೇಲಿ.

ಗಗನಯಾನ ಯಾವಾಗ? ವರ್ಷ ವರ್ಷ ಮುಂದಕ್ಕೆ ಹೋಗ್ತಾನೇ ಇದೆ. (ಮೈಸೂರು)

ಹೋಗ್ಲಿ ಬಿಡಿ, ಒಳಗೆ ಕೂರೋರು ಮನುಷ್ಯರು. 2023ರ ಅಕ್ಟೋಬರ್ 21ಕ್ಕೆ ಮೊದಲ ಪರೀಕ್ಷೆ ಆಯ್ತು, ರಾಕೆಟ್ಟಿಗೆ ಏನಾದ್ರೂ ಆದ್ರೆ ಜನರಿರೋ ಕೋಶವನ್ನ ಕಿತ್ಕೊಂಡು ಓಡೋ ವ್ಯವಸ್ಥೆಯದ್ದು. ಆವತ್ತು ಕೌಂಟ್‌ಡೌನ್ ಐದು ಸೆಕೆಂಡಿಗೆ ನಿಂತಿತ್ತು, ಕಾರಣ ಹುಡುಕಿ ಅದೇ ಬೆಳಗ್ಗೆ ಮತ್ತೆ ಹಾರಿಸಿದ್ರು. ಆಯ್ಕೆಯಾದ ನಾಲ್ಕು ಜನರಲ್ಲಿ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಜುಲೈನಲ್ಲಿ ವಾಪಸ್ ಬಂದ್ರು, ಆದ್ರೆ ಅದು ಅಮೆರಿಕದ ರಾಕೆಟ್ಟು. 1984ರಲ್ಲಿ ರಾಕೇಶ್ ಶರ್ಮಾ ಹೋಗಿದ್ದು ಸೋವಿಯತ್ ರಾಕೆಟ್ಟು. ನಮ್ಮದರಲ್ಲಿ ಹೋಗೋದು ಇನ್ನು ಬಾಕಿ. 2025ರ ಜನವರಿ 16ಕ್ಕೆ ಎರಡು ಉಪಗ್ರಹಗಳನ್ನ ಮೇಲೆ ಒಂದಕ್ಕೊಂದು ಸೇರಿಸಿ ತೋರಿಸಿದ್ರು, ಮುಂದೆ ನಮ್ಮದೇ ನಿಲ್ದಾಣ ಕಟ್ಟೋಕೆ ಅದು ಬೇಕೇ ಬೇಕು. ಅದೇ ವರ್ಷ ಮೇ 18ಕ್ಕೆ ನಮ್ಮ ನೆಚ್ಚಿನ ಕುದುರೆ ಪಿಎಸ್‌ಎಲ್‌ವಿ ಮೂರನೇ ಹಂತದಲ್ಲಿ ಮುಗ್ಗರಿಸಿದ್ದನ್ನೂ ನೋಡಿದ್ವಿ. ಹಾಗಾಗಿ ಮನುಷ್ಯರನ್ನ ಕೂರಿಸೋ ವಿಷಯದಲ್ಲಿ ಲೇಟಾದ್ರೆ ನಾನಂತೂ ಗೊಣಗಲ್ಲ.

ಉಡಾವಣೆ ಕಣ್ಣಾರೆ ನೋಡ್ಬಹುದಾ? ಪಾಸ್ ಬೇಕಾ? (ಬಳ್ಳಾರಿಯಿಂದ)

ಧಾರಾಳವಾಗಿ. ಶ್ರೀಹರಿಕೋಟಾದಲ್ಲಿ ಜನರಿಗೆ ಅಂತ ಗ್ಯಾಲರಿ ಕಟ್ಟಿದ್ದಾರೆ, ಆನ್‌ಲೈನಲ್ಲಿ ಮೊದಲೇ ಹೆಸರು ನೋಂದಾಯಿಸ್ಬೇಕು, ಬೇಗ ತುಂಬಿಹೋಗುತ್ತೆ, ಐಡಿ ಕಾರ್ಡ್ ಮರೀಬೇಡಿ. ಚೆನ್ನೈ ಕಡೆಯ ಸೂಳ್ಳೂರುಪೇಟೆ ಸ್ಟೇಷನ್ನಲ್ಲಿ ಇಳಿದು, ಪುಲಿಕಾಟ್ ಸರೋವರದ ಮಧ್ಯದ ರಸ್ತೇಲಿ ಹೋಗ್ಬೇಕು, ಚಳಿಗಾಲ ಆದ್ರೆ ಎರಡೂ ಕಡೆ ರಾಜಹಂಸ. ಮುಂದೂಡಿದ್ರೆ ವಾಪಸ್ ಬರೋದಕ್ಕೂ ರೆಡಿ ಇರಿ, ಒಂದ್ಸಲ ನಂಗೆ ಹಾಗೇ ಆಯ್ತು.

ಎರಡನೇ ಸಲ ಹೋದಾಗ ನಮ್ಮ ಮುಂದಿನ ಸಾಲಲ್ಲಿ ಒಬ್ಬ ಅಪ್ಪ ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ನಿಂತಿದ್ರು. ಸೊನ್ನೆ ಅಂದ ತಕ್ಷಣ ಮರಗಳ ಹಿಂದೆ ಕಿತ್ತಳೆ ಬೆಳಕು ಎದ್ದಿತು, ರಾಕೆಟ್ಟು ಮರದ ತುದಿ ದಾಟಿ ಮೇಲೇರ್ತಿದೆ, ಸದ್ದೇ ಇಲ್ಲ, ಏನೇನೂ ಇಲ್ಲ. ಬೆಳಕು ಬಂದ್ರೂ ಸದ್ದು ಬರೋಕೆ ಕಿಲೋಮೀಟರಿಗೆ ಮೂರು ಸೆಕೆಂಡ್ ಬೇಕಲ್ಲ. ಆ ಹುಡುಗ "ಅಪ್ಪಾ, ಮ್ಯೂಟ್ ಆಗಿದೆ" ಅಂದ. ಎಲ್ಲಾರೂ ನಗೋಕೆ ಬಾಯಿ ತೆಗೆದ್ವಿ, ಅಷ್ಟರಲ್ಲಿ ಸದ್ದು ಬಂತು.